ದೊಡ್ಡಮ್ಮನನ್ನು ‘ಆಂಟ್’ ಎಂದು ಬರೆದದ್ದು

ತಪ್ಪು ನನ್ನದೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬೇರೆಯವರನ್ನು ಬೈಯುವುದು ಬೇಕಾದಷ್ಟಿದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಆಸ್ಟ್ರೇಲಿಯಾದ ಪಶ್ಚಿಮ ತುದಿಯ ಪರ್ತ್ ಸೀಮೆಯ ಮೂಲ ಜನ ನೂಂಗಾರರು. ಅವರೇ ನಡೆಸುತ್ತಿದ್ದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ನಾನು ಡಾಕ್ಟರು. ಮುಂದಿನ ಮೂರು ಕೋಣೆ ಕ್ಲಿನಿಕ್ಕಿನದು, ಹಿಂದಿನ ಒಂದು ಕೋಣೆ ಅವರ ರಾಜಕೀಯ ಸಂಘದ್ದು. ಇಬ್ಬರಿಗೂ ಸೇರಿ ಒಂದೇ ಟೆಲಿಫೋನು. ನಾನು ಮಗುವಿನ ಎದೆಗೆ ಸ್ಟೆತಸ್ಕೋಪ್ ಇಟ್ಟಿರುವಾಗ ಆಚೆ ಕಡೆಯಿಂದ ಯಾರೋ ಮಂತ್ರಿಯ ಕಾರ್ಯದರ್ಶಿಯ ಜೊತೆ ಕೂಗಾಡುವುದು ಕೇಳಿಸುತ್ತಿತ್ತು.

ಸಂಘದವರು ಆಗ ಎರಡು ಕೆಲಸಕ್ಕೆ ಬಿದ್ದಿದ್ದರು. ಬಿಳಿಯರು ಈ ದೇಶಕ್ಕೆ ಬಂದು ನೆಲ ಹಿಡಿದಾಗ ಸರ್ಕಾರ ಇಲ್ಲಿಯ ಜನರ ಜೊತೆ ಒಂದು ಒಪ್ಪಂದವನ್ನೂ ಮಾಡಿಕೊಂಡಿರಲಿಲ್ಲ. ಈಗಲಾದರೂ ಮಾಡಿಕೊಳ್ಳಿ ಅನ್ನುವುದು ದೊಡ್ಡ ಕೆಲಸ. ಇನ್ನೊಂದು ಸಣ್ಣದು, ಆದರೆ ತುರ್ತಿನದು. ಊರಾಚೆ ಸರ್ಕಾರ ಅವರನ್ನು ಹಿಂದೆ ಪಾದ್ರಿಗಳ ಕಾವಲಿನಲ್ಲಿ ಕೂಡಿಹಾಕಿದ್ದ ಒಂದು ಜಾಗವಿತ್ತು, ಅದರ ಮೂಲೆಯಲ್ಲಿ ಸ್ಮಶಾನ. ಅಲ್ಲಿ ರಸ್ತೆ ಹಾಯಿಸಬೇಕೆಂದು ಸರ್ಕಾರದ ಯೋಜನೆ. ಅದಕ್ಕೆ ಮುಂಚೆ ಒಂದು ಸಮಿತಿ ಬಂದು ಅಹವಾಲು ಕೇಳುತ್ತದೆ ಎಂದು ಪತ್ರ ಬಂದಿತ್ತು. ಬ್ರಿಸ್ಬೇನ್, ಅಡಿಲೇಡ್ ಮುಗಿಸಿ ಪರ್ತಿಗೆ ಬರುವುದು.

ಆ ಸ್ಮಶಾನದ ಪರವಾಗಿ ಮಾತಾಡಬೇಕಾದವರು ನನ್ನ ಪೇಷಂಟು, ಎಪ್ಪತ್ತು ದಾಟಿದ ಒಬ್ಬ ಹೆಂಗಸು. ಕ್ಲಿನಿಕ್ಕಿನಲ್ಲಿ ಎಲ್ಲರೂ ಅವರನ್ನು ಆಂಟಿ ಅನ್ನುತ್ತಿದ್ದರು, ನಾನೂ ಹಾಗೇ. ನಮ್ಮ ಕನ್ನಡದವರ ಮನೆಗಳಲ್ಲೂ ದೊಡ್ಡವರೆಲ್ಲ ಆಂಟಿಯೇ ಆದ್ದರಿಂದ ನನಗೆ ಕಷ್ಟವೇನೂ ಆಗಲಿಲ್ಲ. ಸಕ್ಕರೆ ಕಾಯಿಲೆಯಿಂದ ಅವರ ಎಡ ಅಂಗಾಲಿನಲ್ಲಿ ಒಂದು ಹುಣ್ಣು, ಎರಡು ಕಣ್ಣಿಗೂ ಪೊರೆ. ಪ್ರತಿ ಮಂಗಳವಾರ ಬೆಳಿಗ್ಗೆ ಬಂದು ಕಾಲು ಚಾಚಿ ಕೂರುವರು. ನಾನು ಹುಣ್ಣನ್ನು ಉಪ್ಪುನೀರಿನಲ್ಲಿ ತೊಳೆದು, ಸತ್ತ ಚರ್ಮ ಕತ್ತರಿಸಿ, ಹೊಸ ಬಟ್ಟೆ ಕಟ್ಟುವುದು. ಅವರಿಗೆ ನೋವು ಗೊತ್ತಾಗುತ್ತಿರಲಿಲ್ಲ. ನನ್ನ ತಲೆ ಮೇಲೆ ಊರಿನ ಸುದ್ದಿಯೆಲ್ಲ ಸುರಿಯುತ್ತ ಕೂರುವರು.

ಒಂದು ಮಂಗಳವಾರ ಚೀಲದಿಂದ ಒಂದು ಫಾರಂ ತೆಗೆದು ಕೊಟ್ಟರು. ‘ವಂಶದ ಹೇಳಿಕೆ’ ಎಂದು ತಲೆಬರಹ, ಕಾರ್ಬನ್ ಇಟ್ಟು ಮೂರು ಪ್ರತಿ. ಆ ಜಾಗದ ಹಳೇ ರಿಜಿಸ್ಟರಿನಲ್ಲಿ ಯಾರ ಹೆಸರಿದೆಯೋ ಅವರ ಮಕ್ಕಳು, ಮೊಮ್ಮಕ್ಕಳು ಮಾತ್ರ ಸಮಿತಿಯ ಮುಂದೆ ನಿಂತು ಮಾತಾಡಬಹುದಂತೆ. ಮಿಕ್ಕವರು ಬೇಕಾದರೆ ಕಾಗದ ಬರೆದು ಹಾಕಲಿ. ಫಾರಂ ತುಂಬಿ ಸಹಿ ಮಾಡುವುದಕ್ಕೆ ಒಬ್ಬ ಗಣ್ಯ ವ್ಯಕ್ತಿ ಬೇಕು. ಪೊಲೀಸ್ ಅಧಿಕಾರಿ, ಪಾದ್ರಿ, ಮ್ಯಾಜಿಸ್ಟ್ರೇಟ್ ಅಥವಾ ಡಾಕ್ಟರು. ಎಪ್ಪತ್ತು ವರ್ಷದ ಹೆಂಗಸು ತನ್ನ ತಾಯಿ ಯಾರು ಎಂದು ತಾನೇ ಹೇಳಿದರೆ ಸಾಲದು.

“ಪೊಲೀಸಿನವನು ನಮ್ಮನ್ನ ಹಿಡ್ಕೊಂಡು ಹೋದವನು. ಪಾದ್ರಿ ಬೀಗ ಹಾಕಿ ಇಟ್ಕೊಂಡವನು. ಇನ್ನು ಉಳಿದಿರೋಳು ನೀನೇ, ಡಾಕ್,” ಅಂದರು ಆಂಟಿ.

ನನಗೆ ಒಳಗೊಳಗೇ ಹೆಮ್ಮೆಯಾಯಿತು ಎಂದು ಹೇಳಿಕೊಳ್ಳಲು ಈಗ ನಾಚಿಕೆ. ಮೈಸೂರಿನಲ್ಲಿ ಮಾರ್ಕ್ಸ್ ಕಾರ್ಡಿಗೆ ಗೆಜೆಟೆಡ್ ಆಫೀಸರ ಸಹಿ ಹಾಕಿಸಲು ಬಿಸಿಲಲ್ಲಿ ಆಫೀಸಿನಿಂದ ಆಫೀಸಿಗೆ ಅಲೆದವಳು ನಾನು. ಈಗ ಆ ಸಹಿ ನನ್ನ ಕೈಗೇ ಬಂದಿದೆಯಲ್ಲ ಅನ್ನಿಸಿತು. ಗ್ಲೌಸು ತೆಗೆದು, ಕೈ ತೊಳೆದು, ಪೆನ್ನು ಹಿಡಿದು ಕೂತೆ.

ಏಳನೇ ಪ್ರಶ್ನೆ, ತಾಯಿಯ ಹೆಸರು. ಆಂಟಿ ಒಂದು ಹೆಸರು ಹೇಳಿದರು. ನಾನು ಬರೆದೆ. ಆಮೇಲೆ ನನ್ನ ಡಾಕ್ಟರು ಬುದ್ಧಿ ಸುಮ್ಮನಿರಬೇಕಲ್ಲ. ಕೇಸ್ ಶೀಟಿನಲ್ಲಿ ಅವರ ತಾಯಿ ಇವರು ಕೂಸಾಗಿದ್ದಾಗಲೇ ತೀರಿಕೊಂಡರು ಎಂದು ಬರೆದ ನೆನಪು. ಇವರೇ ಹೆತ್ತವರಾ ಎಂದು ಕೇಳಿದೆ.

“ಅವಳು ಬಿಗ್ ಮಮ್. ಹೆತ್ತವಳ ಅಕ್ಕ. ನಮ್ಮಮ್ಮ,” ಅಂದರು, ಏನೋ ಕೇಳಬಾರದ್ದು ಕೇಳಿದೆ ಅನ್ನುವ ಹಾಗೆ.

ನಾನು ಹೆಸರಿನ ಪಕ್ಕ ಕಂಸದಲ್ಲಿ ಚೊಕ್ಕವಾಗಿ ಇಂಗ್ಲಿಷಿನಲ್ಲಿ ‘ಆಂಟ್’ ಎಂದು ಬರೆದೆ. ತಾಯಿಯ ಕಡೆಯವರು ಎಂದೂ ಸೇರಿಸಿದೆ. ಸರಿಯಾಗಿ ಬರೆದೆಯಾ ಎಂದು ಕೇಳಿದರು. ಪೊರೆ ಬಂದ ಕಣ್ಣು, ಓದಲಾರರು. ಬರೆದೆ ಆಂಟಿ ಎಂದು ಹೇಳಿ ಸಹಿ ಹಾಕಿ, ಕ್ಲಿನಿಕ್ಕಿನ ಮೊಹರನ್ನೂ ಒತ್ತಿದೆ.

ಮೂರು ವಾರಕ್ಕೆ ಉತ್ತರ ಬಂತು. ಸಂಘದ ಕಾರ್ಯದರ್ಶಿ, ನನಗಿಂತ ಚಿಕ್ಕ ವಯಸ್ಸಿನ ನೂಂಗಾರ್ ಹುಡುಗಿ, ಕಾಗದ ಹಿಡಿದು ನನ್ನ ಕೋಣೆಗೆ ಬಂದಳು. ಮುಖ ಬಿಗಿದಿತ್ತು. ಕಾಗದದಲ್ಲಿ ಇದ್ದದ್ದು ಇಷ್ಟು. ರಿಜಿಸ್ಟರಿನಲ್ಲಿರುವ ಹೆಂಗಸು ಅರ್ಜಿದಾರರ ತಾಯಿಯಲ್ಲ, ಚಿಕ್ಕಮ್ಮನೋ ದೊಡ್ಡಮ್ಮನೋ ಆಗಬೇಕಾದವರು ಎಂದು ಅವರ ವೈದ್ಯರೇ ಪ್ರಮಾಣೀಕರಿಸಿದ್ದಾರೆ. ಆದ್ದರಿಂದ ಅರ್ಜಿದಾರರು ನೇರ ಸಂತತಿಯಲ್ಲ, ಮಾತಾಡುವ ಪಟ್ಟಿಯಿಂದ ಹೆಸರು ತೆಗೆಯಲಾಗಿದೆ. ಆ ರಿಜಿಸ್ಟರಿನ ಹೆಂಗಸಿಗೆ ಬೇರೆ ಮಕ್ಕಳಿರಲಿಲ್ಲ. ಅಂದರೆ ಆ ಸ್ಮಶಾನದ ಪರವಾಗಿ ಮಾತಾಡುವ ಹಕ್ಕಿನವರು ಒಬ್ಬರೂ ಉಳಿಯಲಿಲ್ಲ. ಉಳಿದ ಕುಟುಂಬಗಳನ್ನು ಯಾವತ್ತೋ ಬೇರೆ ಬೇರೆ ಊರಿಗೆ ಚದುರಿಸಿ ಆಗಿತ್ತು.

“ನಿಮ್ಮ ಅಕ್ಷರವೇ, ಅಲ್ವಾ?” ಎಂದಳು ಹುಡುಗಿ. ಹೌದು ಅಂದೆ. ಬೈದಿದ್ದರೆ ಚೆನ್ನಾಗಿತ್ತು. ಬಾಗಿಲು ಹಾಕಿಕೊಂಡು ಹೋದಳು.

ಇಲಾಖೆಗೆ ಫೋನ್ ಮಾಡಿದೆ. ಒಬ್ಬರಿಂದ ಒಬ್ಬರಿಗೆ ದಾಟಿಸಿ ಕೊನೆಗೆ ಒಬ್ಬ ಗುಮಾಸ್ತ ಸಿಕ್ಕಿದ. ತುಂಬ ಮರ್ಯಾದೆಯ ದನಿ. ಆ ಜನ ಎಲ್ಲರನ್ನೂ ಆಂಟಿ, ಮಮ್, ಸಿಸ್ಟರ್ ಅಂತಾರೆ, ಆ ಗೊಂದಲ ಬಿಡಿಸುವುದಕ್ಕೇ ನಿಮ್ಮಂಥ ವಿದ್ಯಾವಂತರ ಸಹಿ ಕೇಳುವುದು, ತಾವು ತುಂಬ ಉಪಕಾರ ಮಾಡಿದಿರಿ, ಎಂದ. ಹೇಸಿಗೆಯನ್ನು ತುಳಿದ ಹಾಗಾಯಿತು. ಉಪಕಾರವಂತೆ. ಥೂ.

ಅದೇ ವಾರ ಸಂಘಕ್ಕೆ ಒಬ್ಬ ಅತಿಥಿ ಬಂದಿದ್ದರು. ಕೆನಡಾದ ದೊಡ್ಡ ಸರೋವರಗಳ ಉತ್ತರದ ಕಡೆಯವರು, ಅನಿಶಿನಾಬೆ ಜನಾಂಗದ ಹೆಂಗಸು, ಐವತ್ತರ ಆಸುಪಾಸು. ಅವರ ಜನಕ್ಕೆ ಹಳೇ ಕಾಲದಿಂದ ಬ್ರಿಟಿಷ್ ರಾಣಿಯ ಹೆಸರಿನಲ್ಲಿ ಒಪ್ಪಂದವಿದೆ. ಆ ಒಪ್ಪಂದದ ಆಡಳಿತ ನೋಡಿಕೊಳ್ಳುವ ಅವರ ಮಂಡಳಿಯ ಆಫೀಸಿನಲ್ಲಿ ಸದಸ್ಯರ ಪಟ್ಟಿ ಇಡುವುದು ಈಕೆಯ ಕೆಲಸ. ಒಪ್ಪಂದ ಆದಮೇಲೆ ದಿನನಿತ್ಯ ಏನಾಗುತ್ತದೆ ಎಂದು ತಿಳಿಸಲಿ ಅಂತ ಸಂಘದವರು ಕರೆಸಿದ್ದರು.

ನಮ್ಮ ಅಡುಗೆಕೋಣೆಯಲ್ಲಿ ಚಹಾ ಕುಡಿಯುತ್ತ ಅವರು ಹೇಳಿದ್ದು ಯಾರಿಗೂ ಹಿತವಾಗಲಿಲ್ಲ. ಸಹಿಯಾದ ದಿನ ಡೋಲು, ಭಾಷಣ ಎಲ್ಲ ಇರುತ್ತದೆ. ಆಮೇಲೆ ನೂರು ವರ್ಷ ಬರೀ ಪಟ್ಟಿಯ ಜಗಳ. ವರ್ಷಕ್ಕೊಮ್ಮೆ ಒಪ್ಪಂದದ ದಿನ ಅಂತ ಸರ್ಕಾರದ ಅಧಿಕಾರಿ ಬರುತ್ತಾನೆ, ಪಕ್ಕದಲ್ಲಿ ಕೆಂಪು ಕೋಟಿನ ಪೊಲೀಸು. ಮೇಜಿನ ಮೇಲೆ ಪಟ್ಟಿ ಇಟ್ಟು ಒಂದೊಂದೇ ಹೆಸರು ಕೂಗಿ ಒಪ್ಪಂದದ ಹಣ ಕೊಡುತ್ತಾನೆ. ಈಕೆಯ ತಾಯಿ ಪಟ್ಟಿಯಲ್ಲಿಲ್ಲದ ಗಂಡಸನ್ನು ಮದುವೆಯಾದರು ಅಂತ ಅವರ ಹೆಸರನ್ನು ಹೊಡೆದುಹಾಕಿದ್ದರು. ಅವರ ಅಣ್ಣತಮ್ಮಂದಿರೆಲ್ಲ ಸಾಲಿನಲ್ಲಿ ನಿಲ್ಲುವಾಗ ಅದೇ ಊರಿನಲ್ಲಿ ಹುಟ್ಟಿ ಬೆಳೆದ ತಾಯಿ ಬೇಲಿಯಾಚೆ ನಿಂತು ನೋಡುತ್ತಿದ್ದರಂತೆ. ಈಕೆ ಆ ಕೆಲಸಕ್ಕೆ ಸೇರಿದ್ದೇ ಆ ಹೊಟ್ಟೆಯುರಿಗೆ.

ಆಮೇಲೆ ನನ್ನ ಫಾರಮ್ಮಿನ ಮಾತು ಬಂತು. ಆಂಟಿ ಅಲ್ಲೇ ಕೂತಿದ್ದರು, ಕಾಲು ಸ್ಟೂಲಿನ ಮೇಲೆ. ಅವರು ನನಗೆ ಒಂದು ಮಾತೂ ಅಂದಿರಲಿಲ್ಲ, ಅದೇ ನನ್ನನ್ನು ಕೊಲ್ಲುತ್ತಿತ್ತು. ಅತಿಥಿ ಫಾರಂ ಓದಿ, ನಿಮ್ಮ ಭಾಷೆಯಲ್ಲಿ ತಾಯಿಯ ಅಕ್ಕನಿಗೆ ಏನಂತೀರಿ ಎಂದು ನನ್ನನ್ನು ಕೇಳಿದರು.

“ದೊಡ್ಡಮ್ಮ,” ಅಂದೆ.

“ಅಂದರೆ?”

ದೊಡ್ಡ, ಅಮ್ಮ ಎಂದು ಬಿಡಿಸಿ ಇಂಗ್ಲಿಷಿನಲ್ಲಿ ಹೇಳಲು ಬಾಯಿ ತೆರೆದೆ. ಬಿಗ್ ಮಮ್. ಅಯ್ಯೋ ಕರ್ಮವೇ, ಆಂಟಿ ಹೇಳಿದ್ದು ನನ್ನ ಕನ್ನಡವನ್ನೇ. ಅದನ್ನು ನಾನು ಕೇಳಿಸಿಕೊಳ್ಳಲೇ ಇಲ್ಲ. ಈ ದೇಶದ ಯಾವ ಡಾಕ್ಟರು ತಪ್ಪಿದರೂ ನಾನು ತಪ್ಪಬಾರದಿತ್ತು.

ಅತಿಥಿ ತಮ್ಮ ಭಾಷೆಯದ್ದೂ ಹೇಳಿದರು. ಅಲ್ಲಿ ತಂದೆಯ ಅಕ್ಕತಂಗಿಯರ ಹೆಸರಿಗೂ ಗಂಡನ ತಾಯಿಯ ಹೆಸರಿಗೂ ಹೆಚ್ಚು ವ್ಯತ್ಯಾಸವಿಲ್ಲವಂತೆ. ನಮ್ಮಲ್ಲೂ ಇಬ್ಬರೂ ಅತ್ತೆಯೇ ಅಂದೆ. ಆಂಟಿ ಮೊದಲ ಸಲ ನಕ್ಕರು. ತಂದೆಯ ತಂಗಿಯೇ ಅತ್ತೆಯಾಗಿ ಬಂದರೆ ಹೆದರಿಕೆ ಒಬ್ಬಳದ್ದೇ ಸಾಕು, ಅಂದರು. ನಾನು ನಗಲಿಲ್ಲ. ಯಾಕೆ ಹಾಗೆ ಬರೆದೆ ಎನ್ನುವುದು ಆಗ ನನಗೆ ಗೊತ್ತಾಗಿಹೋಗಿತ್ತು. ಅದನ್ನು ಅವರಿಬ್ಬರಿಗೂ ಹೇಳಿದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಬ್ರಿಸ್ಬೇನಿನ ಒಂದು ಆಸ್ಪತ್ರೆಯಲ್ಲಿದ್ದೆ. ನನ್ನನ್ನು ಸಾಕಿದ್ದು ದೊಡ್ಡಮ್ಮ. ಅವರು ಮೈಸೂರಿನಲ್ಲಿ ತೀರಿಕೊಂಡ ತಂತಿ ಬಂದಾಗ ರಜೆಯ ಅರ್ಜಿಯಲ್ಲಿ ‘ತಾಯಿಯ ಸಾವು’ ಎಂದು ಬರೆದೆ. ಆಫೀಸಿನವಳು ನನ್ನ ಕಡತ ತೆಗೆದು, ಇಲ್ಲಿ ತಾಯಿಯ ಹೆಸರು ಬೇರೆ ಇದೆ, ನಿನಗೆ ಎಷ್ಟು ಜನ ತಾಯಂದಿರು ಎಂದು ಕೇಳಿದಳು. ಆರ್ವೊ ಹೊತ್ತಿಗೆ, ಅಲ್ಲಿ ಮಧ್ಯಾಹ್ನಕ್ಕೆ ಹಾಗನ್ನುವುದು, ಕ್ಯಾಂಟೀನಿಗೆಲ್ಲ ಆ ಜೋಕು ಹರಡಿತ್ತು. ಆಂಟ್ ಸತ್ತದ್ದಕ್ಕೆ ರಜೆಯಿಲ್ಲ. ಅವತ್ತಿನಿಂದ ದೊಡ್ಡಮ್ಮ ಅನ್ನುವುದು ಬಾಯಿಗೆ ಬಂದ ಕಡೆಯೆಲ್ಲ ಆಂಟ್ ಎಂದು ಬದಲಿಸುವುದನ್ನು ನಾನೇ ನನಗೆ ಕಲಿಸಿಕೊಂಡೆ. ಎಷ್ಟು ಚೆನ್ನಾಗಿ ಕಲಿತಿದ್ದೆ ನೋಡಿ, ಇನ್ನೊಬ್ಬರ ತಾಯಿಯನ್ನೂ ಬದಲಿಸಿಬಿಟ್ಟೆ.

ಆಂಟಿ ಸ್ಟೂಲಿನಿಂದ ಕಾಲು ಇಳಿಸಿ, “ಸರಿ, ಈಗ ಹೋಗಿ ಸರಿ ಮಾಡ್ಕೊಂಡು ಬಾ,” ಅಂದರು.

ಸಮಿತಿಯ ಕಡತಗಳನ್ನು ನೋಡುವ ಅಧಿಕಾರಿ ಅಡಿಲೇಡಿನಲ್ಲಿ. ಎರಡು ದಿನ ರಜೆ ಹಾಕಿ ಹೋದೆ. ಅಲ್ಲಿಯ ಬ್ಲೇರ್ ಅಥಾಲ್ ಬಡಾವಣೆಯಲ್ಲಿ ಮೆಡಿಕಲ್ ಕಾಲೇಜಿನ ನನ್ನ ಗೆಳತಿಯ ಮನೆ. ನಾನು ಕ್ರಿಶ್ಚಿಯನ್, ಅವಳು ಮುಸ್ಲಿಂ, ಹಾಸ್ಟೆಲಿನಲ್ಲಿ ಒಂದೇ ಕೋಣೆ. ಬಿರಿಯಾನಿ ಬಡಿಸುತ್ತ ಬೈದಳು. “ನಿಂಗ್ಯಾಕೆ ಬೇಕಿತ್ತೇ ಇದೆಲ್ಲ? ಸಹಿ ಹಾಕಿದ ಕಾಗದ ಆಮೇಲೆ ತಪ್ಪು ಅಂದ್ರೆ ಮೆಡಿಕಲ್ ಬೋರ್ಡಿಗೆ ದೂರು ಹೋಗುತ್ತೆ. ರಿಜಿಸ್ಟ್ರೇಶನ್ ಹೋದ್ರೆ ಏನ್ಮಾಡ್ತೀಯ?” ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹೊರದೇಶದ ಡಿಗ್ರಿಯ ಮೇಲೆ ಆ ರಿಜಿಸ್ಟ್ರೇಶನ್ ಸಿಗಲು ನಾವಿಬ್ಬರೂ ಎಷ್ಟು ಸಲ ಪರೀಕ್ಷೆಗೆ ಕೂತಿದ್ದೆವು ಎಂಬುದು ನಮಗೇ ಗೊತ್ತು.

ಮಾರನೆಯ ದಿನ ಅಧಿಕಾರಿಯ ಎದುರು ಕೂತೆ. ಬಿಳಿ ಗಡ್ಡ, ಇಸ್ತ್ರಿ ಮಾಡಿದ ಅಂಗಿ, ಮೇಜಿನ ಮೇಲೆ ಮೂಲ ಜನರ ಕಲೆಯ ಒಂದು ಬೂಮರಾಂಗು. ನಾನು ಬರೆದದ್ದು ತಪ್ಪು, ಪೇಷಂಟ್ ಹೇಳಿದ್ದು ಸರಿ, ಆಕೆಯೇ ತಾಯಿ, ಎಂದೆ. ಅವರು ಸಮಾಧಾನವಾಗಿ ಕೇಳಿ, ಆಕೆ ಹೆತ್ತಳೋ ಇಲ್ಲವೋ ಎಂದರು. ಇಲ್ಲ ಅಂದೆ. ಹಾಗಾದರೆ ತಪ್ಪೆಲ್ಲಿ ಬಂತು ಎಂದರು. ನಮ್ಮ ಭಾಷೆಯಲ್ಲೂ ಹೀಗೇ ಎಂದು ವಿವರಿಸಿದೆ. ನಾನು ಮುಗಿಸಿದ ಮೇಲೆ ನಕ್ಕರು. ನೀವೂ ಅಂಥದೇ ಪದ್ಧತಿಯಿಂದ ಬಂದವರಾದ್ದರಿಂದ ಈ ವಿಷಯದಲ್ಲಿ ನಿಮ್ಮ ಅಭಿಪ್ರಾಯ ತಟಸ್ಥ ಅನ್ನಲಾಗುವುದಿಲ್ಲ ಡಾಕ್ಟರ್, ಅಂದರು. ಒಂದು ತಿಂಗಳ ಹಿಂದೆ ಆಂಟ್ ಎಂದು ಬರೆದಾಗ ನಾನು ವಿದ್ಯಾವಂತೆ. ಅಮ್ಮ ಎಂದ ಕೂಡಲೇ ನಾನೂ ಆ ಕಡೆಯವಳಾಗಿಬಿಟ್ಟೆ. ಮೈಯೆಲ್ಲ ಉರಿಯಿತು.

ಆಮೇಲೆ ಅವರೇ ಒಂದು ದಾರಿ ತೋರಿಸಿದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ. ‘ದತ್ತು ತಾಯಿ’ ಎಂದು ತಿದ್ದಿ ನೀವು ಸಹಿ ಮಾಡಿದರೆ ಇವತ್ತೇ ಪಟ್ಟಿಗೆ ಸೇರಿಸುತ್ತೇನೆ. ಕಡತಕ್ಕೂ ತೊಂದರೆಯಿಲ್ಲ, ನಿಮಗೂ ತೊಂದರೆಯಿಲ್ಲ. ಪೆನ್ನಿನ ಮುಚ್ಚಳ ತೆಗೆದು ನನ್ನ ಕಡೆ ತಳ್ಳಿದರು.

ಪೆನ್ನು ಕೈಗೆ ತಗೊಂಡೆ. ಸುಳ್ಳು ಹೇಳುವುದಿಲ್ಲ, ತಗೊಂಡೆ. ಸ್ಮಶಾನ ಉಳಿಯಬೇಕು, ಆಂಟಿ ಮಾತಾಡಬೇಕು, ಒಂದು ಪದ ತಾನೇ ಅನ್ನಿಸಿತು. ಆದರೆ ಹೋದ ಸಲವೂ ಆ ಒಂದು ಪದವನ್ನು ಅವರನ್ನು ಕೇಳದೆ ಬರೆದು ಕೂತಿದ್ದೆ. ಫೋನ್ ಮಾಡಬಹುದಾ ಎಂದು ಕೇಳಿದೆ. ಕ್ಲಿನಿಕ್ಕಿನ ಆ ಒಂದೇ ಫೋನಿಗೆ ಆಂಟಿ ಬರುವುದಕ್ಕೆ ಹತ್ತು ನಿಮಿಷ ಹಿಡಿಯಿತು, ಊರುಗೋಲಿನ ಸದ್ದು ಕೇಳುತ್ತಿತ್ತು. ವಿಷಯ ಹೇಳಿದೆ.

“ದತ್ತು ಅಂದ್ರೆ ಬೇರೆಯವರ ಮಗುನ ತಗೊಳ್ಳೋದು,” ಅಂದರು ಆಂಟಿ. “ನಾನು ಯಾವಾಗ ಬೇರೆಯವಳಾಗಿದ್ದೆ ಅವಳಿಗೆ? ಬರೀಬೇಡ.”

ಬರೆಯಲಿಲ್ಲ. ಅದರ ಬದಲು ಒಂದು ಪ್ರಮಾಣಪತ್ರ ಬರೆದುಕೊಟ್ಟೆ. ಅರ್ಜಿದಾರರು ತಾಯಿಯ ಹೆಸರನ್ನು ಸರಿಯಾಗಿಯೇ ಹೇಳಿದರು. ಕಂಸದಲ್ಲಿರುವುದು ನನ್ನ ಮಾತು, ಅವರದಲ್ಲ. ಅದನ್ನು ನಾನು ವಾಪಸು ತಗೊಂಡಿದ್ದೇನೆ. ಅವರ ತಾಯಿ ಯಾರು ಎಂದು ಹೇಳುವ ಅಧಿಕಾರ ನನಗಿಲ್ಲ. ಕೊನೆಯ ವಾಕ್ಯ ನೋಡಿ ಅಧಿಕಾರಿಯ ನಗು ಹೋಯಿತು. ಇಂಥದನ್ನು ಮೆಡಿಕಲ್ ಬೋರ್ಡಿನ ಗಮನಕ್ಕೆ ತರಬೇಕಾದೀತು ಎಂದರು. ತನ್ನಿ ಅಂದೆ. ಗಟ್ಟಿಯಾಗಿಯೇ ಅಂದೆ. ಪಟ್ಟಿಯಲ್ಲಿ ಆಂಟಿಯ ಹೆಸರಿನ ಮುಂದೆ ‘ಸಭೆಯಲ್ಲಿ ಅಧ್ಯಕ್ಷರು ತೀರ್ಮಾನಿಸುವುದು’ ಎಂದು ಬರೆದರಂತೆ. ದೂರಿನ ಕಾಗದವೂ ಬಂತು. ಬೋರ್ಡಿಗೆ ನಾಲ್ಕು ಪುಟದ ಉತ್ತರ ಕೊಟ್ಟು, ನಾನು ಎಂಟು ತಿಂಗಳು ನಿದ್ದೆಗೆಟ್ಟ ಮೇಲೆ ಬೋರ್ಡಿನವರು ‘ಎಚ್ಚರಿಕೆ’ ಎಂದು ಒಂದು ಸಾಲಿನಲ್ಲಿ ಮುಗಿಸಿದರು.

ಅಹವಾಲು ಕೇಳಿದ್ದು ಪರ್ತ್ ಸಿಟಿಯ ಒಂದು ಗಣಿ ಕಂಪನಿಯ ಕಟ್ಟಡದಲ್ಲಿ ಬಾಡಿಗೆಗೆ ಹಿಡಿದ ಹಾಲಿನಲ್ಲಿ. ಕೆಳಗಿನ ಮಹಡಿಯಲ್ಲಿ ನೆಲ ಅಗೆಯುವವರು, ಮೇಲೆ ನೆಲದ ಅಹವಾಲು. ಆಂಟಿ ನೀಲಿ ಉಡುಪು ಹಾಕಿ, ಕಾಲಿಗೆ ಹೊಸ ಬ್ಯಾಂಡೇಜು ಕಟ್ಟಿಸಿಕೊಂಡು ಬಂದಿದ್ದರು. ಮೂರು ತಾಸು ಕೂರಿಸಿದರು. ಮೂರು ತಾಸು ಕೆಳಗೆ ಬಿಟ್ಟ ಕಾಲು ಬಾತುಕೊಂಡಿತು. ಕೊನೆಗೆ ಹೆಸರು ಕರೆದರು.

ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು, ತಾವು ರಿಜಿಸ್ಟರಿನಲ್ಲಿರುವ ಮಹಿಳೆಯ ತಂಗಿಯ ಮಗಳು, ಅಲ್ಲವೇ, ಎಂದು ಶುರುಮಾಡಿದರು.

“ಅಲ್ಲ. ನಾನು ಅವಳ ಮಗಳು,” ಅಂದರು ಆಂಟಿ. “ಅವಳನ್ನ ಮಣ್ಣು ಮಾಡಿದ್ದು ನಾನು. ಬರ್ಕೊಳ್ಳಿ.”

ಟೈಪಿಸ್ಟಿನ ಬೆರಳು ನಿಂತಿತು. ಅವಳು ಅಧ್ಯಕ್ಷರನ್ನು ನೋಡಿದಳು. ಅಧ್ಯಕ್ಷರು ಕಡತ ತಿರುವಿ, ತಲೆಯೆತ್ತಿ, ಆಂಟಿಯನ್ನು ದಾಟಿ ಎರಡನೇ ಸಾಲಿನಲ್ಲಿದ್ದ ನನ್ನನ್ನು ನೋಡಿದರು.

“ಡಾಕ್ಟರ್, ಇದು ಸರಿಯೇ?”

ನನಗೆ ಆವತ್ತು ಆದಷ್ಟು ಅಸಹ್ಯ ಜನ್ಮದಲ್ಲಿ ಆಗಿಲ್ಲ. ತನ್ನ ನೆಲದಲ್ಲಿ ನಿಂತು ಆ ಮುದುಕಿ ತನ್ನ ತಾಯಿಯ ಹೆಸರು ಹೇಳುತ್ತಿದ್ದಾಳೆ, ಇವರು ಆರೇಳು ವರ್ಷದ ಹಿಂದೆ ವಿಮಾನದಿಂದ ಇಳಿದ ನನ್ನನ್ನು ಕೇಳುತ್ತಿದ್ದಾರೆ. ಹೌದು ಅಂದರೆ ಎರಡೇ ಕ್ಷಣದಲ್ಲಿ ಕೆಲಸ ಆಗಿಹೋಗುತ್ತಿತ್ತು. ಹುಡುಗಿ, ಸಂಘದ ಕಾರ್ಯದರ್ಶಿ, ನನ್ನ ಮೊಣಕೈ ಹಿಡಿದಿದ್ದಳು. ಆಂಟಿ ಮಾತ್ರ ನನ್ನ ಕಡೆ ತಿರುಗಲೂ ಇಲ್ಲ. ಅದರಿಂದಲೇ ನನಗೆ ಧೈರ್ಯ ಬಂತು.

“ನನ್ನನ್ನ ಕೇಳಬೇಡಿ ಸರ್,” ಅಂದೆ. “ಅವರು ಹೇಳಿದ್ದು ನಿಮಗೆ ಕೇಳಿಸ್ತಲ್ಲ.”

ಅಧ್ಯಕ್ಷರ ಕತ್ತು ಕೆಂಪಾಯಿತು. ಕೊನೆಗೆ ಬರೆದುಕೋ ಎಂದು ಟೈಪಿಸ್ಟಿಗೆ ಕೈ ಅಲ್ಲಾಡಿಸಿದರು. ಬೆರಳು ಮತ್ತೆ ಓಡಿತು. ಆಂಟಿ ಇಪ್ಪತ್ತು ನಿಮಿಷ ಮಾತಾಡಿದರು. ಯಾವ ಗುಣಿಯಲ್ಲಿ ಯಾರು, ಯಾವ ಮರದ ಪಕ್ಕ ಯಾರ ಕೂಸು, ಎಲ್ಲ ಒಂದೊಂದಾಗಿ, ಕಾಗದ ನೋಡದೆ.

ರಸ್ತೆ ಬಂತು. ಜಾಗದ ಮುಕ್ಕಾಲು ಪಾಲನ್ನು ನುಂಗಿತು. ಸ್ಮಶಾನಕ್ಕೆ ಮಾತ್ರ ಸುತ್ತ ತಂತಿಬೇಲಿ ಹಾಕಿ ಬಿಟ್ಟರು. ಇದನ್ನು ಗೆಲುವು ಎಂದು ಪೇಪರಿನಲ್ಲಿ ಬರೆದವರೂ ಇದ್ದರು.

ಸಭೆಯ ನಡಾವಳಿಯ ಪ್ರತಿ ಸಂಘಕ್ಕೆ ಬಂದದ್ದು ಒಂದು ಮಂಗಳವಾರ. ಆಂಟಿಯ ಕಾಲು ನನ್ನ ತೊಡೆಯ ಮೇಲಿತ್ತು. ಓದು ಅಂದರು. ಓದಿದೆ. ‘ಸಾಕ್ಷಿ: ನಾನು ಅವಳ ಮಗಳು. ಅವಳನ್ನು ಮಣ್ಣು ಮಾಡಿದ್ದು ನಾನು.’ ಇನ್ನೊಂದು ಸಲ ಓದಿಸಿದರು. ಅದರ ಕೆಳಗೆ, ಆ ಪುಟದ ಕೊನೆಯಲ್ಲಿ, ಇನ್ನೂ ಒಂದು ಸಾಲಿತ್ತು. ಅದನ್ನು ನುಂಗಿಬಿಡೋಣ ಅಂದುಕೊಂಡೆ, ಆದರೆ ಈ ಹೆಂಗಸಿನ ಕಾಗದವನ್ನು ಅವರಿಗೆ ಗೊತ್ತಿಲ್ಲದಂತೆ ತಿದ್ದುವುದು ಸಾಕಾಗಿತ್ತು. ಅದನ್ನೂ ಓದಿದೆ. ‘ಹಾಜರಿದ್ದ ವೈದ್ಯರು ಇದನ್ನು ಅಲ್ಲಗಳೆಯಲಿಲ್ಲ.’

ಆಂಟಿ ಬ್ಯಾಂಡೇಜಿನ ಕತ್ತರಿ ಕೇಳಿದರು. ಆ ಕೊನೆಯ ಸಾಲು ಎಲ್ಲಿದೆ ತೋರಿಸು ಅಂದರು. ಬೆರಳಿಟ್ಟು ತೋರಿಸಿದೆ. ಬೆರಳನ್ನೇ ಗುರುತು ಹಿಡಿದು, ಕಾಗದವನ್ನು ಅಡ್ಡಕ್ಕೆ ನಿಧಾನವಾಗಿ ಕತ್ತರಿಸಿದರು. ಮೇಲಿನ ಭಾಗ ಮಡಿಸಿ ಉಡುಪಿನ ಎದೆಯೊಳಗೆ ಇಟ್ಟುಕೊಂಡರು. ಕೆಳಗಿನ ಪಟ್ಟಿಯನ್ನು ನನಗೆ ಚಾಚಿದರು.

“ತಗೋ ಡಾಕ್. ಇದು ನಿಂದು.”

ಕೀವಿನ ಹತ್ತಿ ಹಾಕುವ ಬಕೆಟ್ಟು ಕಾಲ ಬಳಿಯೇ ಇತ್ತು. ಅದಕ್ಕೆ ಹಾಕಿ, ಗ್ಲೌಸು ತೊಟ್ಟು, ಹುಣ್ಣು ತೊಳೆಯಲು ಕೂತೆ.